ದುರ್ಗದ ಸೀಮೆಯಲ್ಲಿ ಬಿಸಿಲು ಕಾಯುವ ಆಮೆ

ಚಿತ್ರದುರ್ಗದ ಸೀಮೆಯು ಕಲ್ಲಿನ ಸೀಮೆ, ಬಿಸಿಲಿನ ಸೀಮೆ. ಇಲ್ಲಿ ಮಳೆ ಕಡಮೆ, ಗಾಳಿ ಹೆಚ್ಚು. ಬೇಸಗೆಯಲ್ಲಿ ಬಂಡೆಗಳು ಕಾದ ಹೆಂಚಿನಂತಾಗುವುವು. ಆದರೆ ಪುಷ್ಯಮಾಸದ ಬೆಳಗಿನಲ್ಲಿ ಕಂಬಳಿ ಹೊದೆಯದೆ ಅಂಗಳಕ್ಕಿಳಿಯುವಂತಿಲ್ಲ. ಅಂತಹ ಪುಷ್ಯದಲ್ಲಿ ನಾವು ಮಿತ್ರರು ಕೆಲವರು ಕೂಡಿ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳನ್ನು ಸುತ್ತಿಬಂದೆವು. ಕೋಟೆ ಕೊತ್ತಲಗಳ ವರ್ಣನೆಯನ್ನು ವಾಚಕರು ಬೇರೆಡೆ ಓದಿಯೇ ಇರುವರು. ದಾರಿಯುದ್ದಕ್ಕೂ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ ಒಂದು ಬಡ ಪ್ರಾಣಿಯ ವಿಚಾರವನ್ನು ಮಾತ್ರ ಇಲ್ಲಿ ಬರೆಯುವೆವು.

ದುರ್ಗದ ಮೇಲೆ ನಮ್ಮನ್ನು ಬೆರಗುಗೊಳಿಸಿದುದು ಕಲ್ಲಿಗಿಂತ ನೀರು. ಗೋಪಾಲಸ್ವಾಮಿ ಹೊಂಡವು ತುಂಬಿದ ಮೇಲೆ ಅದರ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುವುದು. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡಗಳಿಗೆ ಹರಿಯುವುದು. ಬಿದ್ದ ಮಳೆಯ ಹನಿಯೊಂದೂ ವ್ಯರ್ಥವಾಗದಂತೆ ಹಿರಿಯರು ಹೊಂಡಕ್ಕೆ ಹೊಂಡವನ್ನು ಪೋಣಿಸಿರುವರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವುಂಟು.

ಹೊಳಲ್ಕೆರೆಯ ಹಾದಿಯಲ್ಲಿ ಒಂದು ಕೆರೆಯ ಏರಿಯ ಮೇಲೆ ಬುತ್ತಿ ಬಿಚ್ಚಿದೆವು. ಹೊತ್ತು ಮಾರುದ್ದ ಏರಿದ್ದಿತು. ನೀರಿನಿಂದ ಮೇಲೆದ್ದ ಬಂಡೆಯೊಂದರ ಮೇಲೆ ಮೂರು ಆಮೆಗಳು ಕತ್ತನ್ನು ಚಾಚಿ, ಹಿಂಗಾಲುಗಳನ್ನು ಹಿಂದಕ್ಕೆ ನೀಡಿ, ಅಲುಗಾಡದೆ ಬಿಸಿಲು ಕಾಯುತ್ತಿದ್ದುವು. ಸೋಮಾರಿ ಪ್ರಾಣಿಗಳೆಂದು ನಮ್ಮಲ್ಲೊಬ್ಬರು ನಕ್ಕರು. ಆದರೆ ಅದು ಸೋಮಾರಿತನವಲ್ಲ, ದುಡಿಮೆ. ನಮ್ಮಂತೆ ಆಮೆಯ ಒಡಲೊಳಗೆ ಒಲೆಯಿಲ್ಲ. ಹೊರಗಿನ ಕಾವೇ ಅದರ ಕಾವು. ಬಿಸಿಲಿನಿಂದ ಮೈ ಬೆಚ್ಚಗಾದ ಹೊರತು ತಿಂದುದು ಅರಗದು, ಕಾಲು ಆಡದು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳಿಂದ ಅದರ ಮೈಯಲ್ಲಿ ಡಿ ಜೀವಸತ್ವವು ಹುಟ್ಟುವುದು. ಅದಿಲ್ಲದಿದ್ದರೆ ಆಹಾರದ ಸುಣ್ಣದ ಅಂಶವು ಮೈಗೆ ಹತ್ತದೆ ಚಿಪ್ಪು ಮೆತ್ತಗಾಗುವುದು. ಮೈ ಒಣಗುವುದರಿಂದ ಪಾಚಿಯೂ ಜಿಗಣೆಯೂ ಕಳಚುವುವು. ಕಾಲು ನೀಡಿ ಮಲಗುವುದೂ ಹೆಚ್ಚು ಬಿಸಿಲನ್ನು ಮೈಗೆ ತುಂಬಿಕೊಳ್ಳುವ ಉಪಾಯವೇ.

ಆ ರಾತ್ರಿ ಹೊಳಲ್ಕೆರೆಯಲ್ಲಿ ಮಿತ್ರರ ಬಂಧುಗಳ ಮನೆಯಲ್ಲಿ ಇಳಿದುಕೊಂಡೆವು. ನಡುಮನೆಯಲ್ಲಿ ಗಾಜಿನ ತೊಟ್ಟಿಯೊಂದಿದ್ದಿತು. ಅದರಲ್ಲಿ ಕಣ್ಣಿನ ಹಿಂದೆ ಕೆಂಪು ಗೆರೆಯುಳ್ಳ ಒಂದು ಪುಟ್ಟ ಆಮೆ. ಬೆಂಗಳೂರಿನಿಂದ ಮೊಮ್ಮಗನಿಗಾಗಿ ತಂದುದು. ಹತ್ತು ದಿನಗಳಿಂದ ಅದು ಆಹಾರವನ್ನು ಮುಟ್ಟಿರಲಿಲ್ಲ. ಹುಡುಗನ ಮುಖವೂ ಬಾಡಿದ್ದಿತು.

“ಮೂಕ ಪ್ರಾಣಿ ಮನೆಯಲ್ಲಿ ಸತ್ತು ಪಾಪ ಸುತ್ತಿಕೊಳ್ಳುವುದು ಬೇಡಪ್ಪ. ಕೆರೆಗೆ ಬಿಟ್ಟುಬಿಡಿ, ಪುಣ್ಯವಾದರೂ ಬಂದೀತು” ಎಂದರು ಮನೆಯ ಅಜ್ಜಿ.

ನಮ್ಮೊಡನಿದ್ದ ಪಶುವೈದ್ಯರು ತೊಟ್ಟಿಯಲ್ಲಿ ಕೈಯಿಟ್ಟು ನೋಡಿ, “ಅಮ್ಮಾ, ಇದಕ್ಕೆ ರೋಗವಿಲ್ಲ, ಚಳಿ. ನೀರು ಮಂಜಿನಂತಿದೆ, ಹತ್ತಿ ಕುಳಿತುಕೊಳ್ಳಲು ಒಂದು ಕಲ್ಲೂ ಇಲ್ಲ” ಎಂದರು.

ಅವರು ಹೇಳಿದ ಕ್ರಮವನ್ನು ಇಂತಹ ಆಮೆಯಿರುವ ಗೃಹಸ್ಥರ ಉಪಯೋಗಕ್ಕಾಗಿ ಬರೆಯುವೆವು. ತೊಟ್ಟಿಯ ನೀರು 24ರಿಂದ 27 ಡಿಗ್ರಿ ಸೆಂಟಿಗ್ರೇಡಿನಷ್ಟು ಬೆಚ್ಚಗಿರಬೇಕು. ಚಳಿಗಾಲದಲ್ಲಿ ನೀರು ಕಾಯಿಸುವ ಸಣ್ಣ ವಿದ್ಯುತ್ ಸಲಾಕೆಯನ್ನು, ಆಮೆಗೆ ತಾಗದಂತೆ ಮರೆಮಾಡಿ ಇಡಬಹುದು. ತಣ್ಣಗಾದ ಆಮೆಯ ಮೇಲೆ ಬಿಸಿನೀರು ಸುರಿಯಬಾರದು, ಮೆಲ್ಲಮೆಲ್ಲನೆ ಬೆಚ್ಚಗಾಗಿಸಬೇಕು. ಪೂರ್ತಿ ಮೈ ಒಣಗುವಂತೆ ನೀರಿನಿಂದ ಮೇಲೆ ಒಂದು ಚಪ್ಪಟೆ ಕಲ್ಲಿರಲಿ. ಅಲ್ಲಿ ದೀಪದ ಕಾವು 30ರಿಂದ 32 ಡಿಗ್ರಿ ಇದ್ದರೆ ಸಾಕು. ಸಾಮಾನ್ಯ ಬಲ್ಬು ಕಾವನ್ನು ಕೊಡುವುದೇ ಹೊರತು ನೇರಳಾತೀತ ಕಿರಣವನ್ನು ಕೊಡದು. ಕಿಟಕಿಯ ಗಾಜು ಆ ಕಿರಣವನ್ನು ತಡೆಯುವುದಾದ್ದರಿಂದ ಗಾಜಿನ ಹಿಂದಿನ ಬಿಸಿಲೂ ಸಾಲದು. ಅದಕ್ಕೆ ಬೇರೆ ದೀಪವುಂಟು. ಇಲ್ಲವೆ ಎಳೆಬಿಸಿಲಿನಲ್ಲಿ ಅಗಲವಾದ ಬೋಗುಣಿಯಲ್ಲಿ, ಅರ್ಧ ನೆರಳು ಮಾಡಿ, ಕಾವಲಿದ್ದು ಸ್ವಲ್ಪ ಹೊತ್ತು ಇಡಬಹುದು. ಗಾಜಿನ ತೊಟ್ಟಿಯನ್ನೇ ಬಿಸಿಲಿಗಿಟ್ಟರೆ ನೀರು ಕುದಿಯೇರಿ ಪ್ರಾಣಕ್ಕೇ ಮುಳುವಾಗುವುದು.

ಆಮೆಯ ನಡತೆಯೇ ಅದರ ಮಾತು. ಉಂಡ ಮೇಲೆ ಕಲ್ಲೇರಿದರೆ ಕ್ಷೇಮ. ಹಗಲೆಲ್ಲ ಕಲ್ಲನ್ನು ಬಿಡದಿದ್ದರೆ ನೀರು ತಣ್ಣಗಿದೆಯೆಂದೋ ಮೈಯಲ್ಲಿ ಸ್ವಸ್ಥವಿಲ್ಲವೆಂದೋ ತಿಳಿಯಬೇಕು. ಎಂದೂ ಏರದಿದ್ದರೆ ಕಲ್ಲಿನ ಜಾಗವು ಸರಿಯಿಲ್ಲ, ಇಲ್ಲವೆ ಅದಕ್ಕೆ ಅಂಜಿಕೆ. ಒಂದು ಮಗ್ಗುಲಿಗೆ ವಾಲಿ ತೇಲುತ್ತ, ಮೂಗಿನಲ್ಲಿ ನೊರೆ ಕಂಡರೆ ಶ್ವಾಸಕೋಶದ ಬೇನೆಯಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮುಟ್ಟಿದವರು ಸೋಪಿನಿಂದ ಕೈ ತೊಳೆಯಲೇಬೇಕು. ಆಮೆಗಳಿಂದ ಹರಡುವ ಸಾಲ್ಮೊನೆಲ್ಲ ಎಂಬ ರೋಗಾಣುವಿನ ಭಯದಿಂದಲೇ ಅಮೆರಿಕ ದೇಶದಲ್ಲಿ 1975ರಿಂದ ನಾಲ್ಕು ಅಂಗುಲಕ್ಕಿಂತ ಕಿರಿದಾದ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು ನಿಷೇಧಿಸಿರುವರು.

ಇನ್ನು ಅಜ್ಜಿಯ ಪುಣ್ಯದ ಮಾತು. ಈ ಕೆಂಪು ಗೆರೆಯ ಆಮೆ ನಮ್ಮ ನಾಡಿನದಲ್ಲ. ಅಮೆರಿಕದ ಮಿಸಿಸಿಪ್ಪಿ ನದಿಯ ಕಡೆಯದು. ಇಂದು ಅಂಗೈಯಲ್ಲಿ ಅಡಗುವ ಮರಿ ಮುಂದೆ ಗೇಣುದ್ದಕ್ಕೂ ಮಿಕ್ಕು ಬೆಳೆದು ಇಪ್ಪತ್ತು ಮೂವತ್ತು ವರ್ಷ ಬಾಳುವುದು. ಕೆರೆಗೆ ಬಿಟ್ಟರೆ ನಮ್ಮ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಬಂಡೆಯನ್ನೂ ಕಸಿದುಕೊಂಡು, ಹೊರಗಿನ ರೋಗವನ್ನು ಹರಡುವ ಸಂಭವವುಂಟು. ದುರ್ಗದ ಹೊಂಡಗಳಂತೆ ನೀರಿಗೆ ನೀರು ಪೋಣಿಸಿಕೊಂಡಿರುವ ಸೀಮೆಯಲ್ಲಿ ಒಂದು ಕಡೆ ಬಿಟ್ಟುದು ಒಂದೇ ಕಡೆ ಉಳಿಯುವುದೆಂಬ ಭರವಸೆಯೆಲ್ಲಿ? ಹಾಗೆಯೇ ನಮ್ಮ ಕೆರೆಯ ಆಮೆಯನ್ನಾಗಲಿ, ಕುರುಚಲು ಕಾಡಿನ ನಕ್ಷತ್ರ ಆಮೆಯನ್ನಾಗಲಿ ಹಿಡಿದು ತಂದು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಹೊರಗಿನದನ್ನು ಕೆರೆಗೆ ಬಿಡಬಾರದು. ಕೆರೆಯದನ್ನು ಮನೆಗೆ ತರಬಾರದು.

ಅಜ್ಜಿ ಕ್ಷಣಕಾಲ ಸುಮ್ಮನಿದ್ದು, “ಹಾಗಾದರೆ ತಂದವರೇ ಸಾಕಬೇಕು. ಏಳೋ ಮಗು, ಹಿತ್ತಿಲಿಂದ ಒಂದು ಚಪ್ಪಟೆ ಕಲ್ಲು ತಾ” ಎಂದರು. ಐದಾರು ದಿನಗಳ ಮೇಲೆ ಆಮೆಯು ಆಹಾರ ಮುಟ್ಟಿತೆಂಬ ಸಮಾಚಾರವು ನಮಗೆ ತಲಪಿತು.

ಮರುದಿನ ಹೊಸದುರ್ಗ ತಾಲ್ಲೂಕಿನ ಗವಿರಂಗಾಪುರಕ್ಕೆ ಹೋದೆವು. ಇಲ್ಲಿನ ಗವಿರಂಗನಾಥನು ಕೂರ್ಮಾವತಾರಿಯೆಂದು ಪ್ರಸಿದ್ಧನು. ಕೂರ್ಮನಿಗೆ ಮೀಸಲಾದ ದೇವಾಲಯಗಳು ಭರತಖಂಡದಲ್ಲಿಯೇ ಬಹು ವಿರಳ. ಆಮೆಯು ಮೊಟ್ಟೆಗಳನ್ನು ಸ್ಮರಣೆಯಿಂದಲೇ ಮರಿಮಾಡುವುದೆಂದು ಹಿರಿಯರು ಹೇಳುವುದುಂಟು. ತಾಯಿ ಮೊಟ್ಟೆಗೆ ಕಾವು ಕೊಡದಿರುವುದನ್ನು ಅವರು ಚೆನ್ನಾಗಿ ಕಂಡಿದ್ದರು. ಆ ಕಾವನ್ನು ಕೊಡುವುದು ಬಿಸಿಲಿಗೆ ಕಾದ ಮಣ್ಣು. ಎಷ್ಟೋ ಜಾತಿಯ ಆಮೆಗಳಲ್ಲಿ ಮರಿ ಹೆಣ್ಣೋ ಗಂಡೋ ಎಂಬುದನ್ನು ನಿಶ್ಚಯಿಸುವುದೂ ಆ ಮಣ್ಣಿನ ಶಾಖವೇ.

ಕಡೆಗೆ ಹಿರಿಯೂರಿನ ಕಡೆಗೆ ತಿರುಗಿ ಮಾರಿಕಣಿವೆಯನ್ನು ಸೇರಿದೆವು. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದುದು. ಮತ್ತೆ ಕೋಡಿ ಹರಿಯಲು 2022ರವರೆಗೆ, ಎಂಭತ್ತೊಂಬತ್ತು ವರ್ಷ ಕಾಯಬೇಕಾಯಿತು. ನೀರಿಗಾಗಿ ಇಷ್ಟು ಕಾಯಬಲ್ಲ ಜನಕ್ಕೆ ಆಮೆಯ ತಾಳ್ಮೆಯನ್ನು ಬಣ್ಣಿಸಬೇಕಾಗಿಲ್ಲ. ಮಕ್ಕಳು ಹಟಮಾಡಿದರೆಂದು ಆಮೆಯನ್ನು ಕೊಳ್ಳಹೊರಟ ತಂದೆತಾಯಿಗಳು ಇದನ್ನೊಂದು ಯೋಚಿಸಲಿ: ಅದು ಮಗುವಿನ ಆಟವನ್ನು ಮೀರಿ, ಮಗುವಿನ ಮದುವೆಯ ನಂತರವೂ ಬದುಕಿರುವ ಪ್ರಾಣಿ. ಅಷ್ಟು ಕಾಲವೂ ಅದಕ್ಕೆ ಬೆಚ್ಚನೆಯ ನೀರನ್ನೂ ಒಂದು ಒಣಕಲ್ಲನ್ನೂ ಕೊಡುವೆವೆಂಬ ನಿಶ್ಚಯವಿದ್ದವರು ಮಾತ್ರ ಮನೆಗೆ ತರಲಿ. ಉಳಿದವರು ಮಕ್ಕಳ ಕೈಹಿಡಿದು ಊರ ಕೆರೆಯ ಏರಿಗೆ ಹೋಗಲಿ. ಅಲ್ಲಿ ಬಂಡೆಯ ಮೇಲೆ ಆಮೆಗಳು ತಮ್ಮ ಪಾಡಿಗೆ ಬಿಸಿಲು ಕಾಯುವುದನ್ನು ದೂರದಿಂದಲೇ ತೋರಿಸಿ ಬರಲಿ.