ಬೆಳ್ಳಕ್ಕಿಯ ಬಿಳುಪು

ಸೇವೆಯಿಂದ ನಿವೃತ್ತರಾದ ಬಳಿಕ ನಾವು ಜಲವರ್ಣದ ಕುಂಚ ಹಿಡಿದೆವು. 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಯಲಹಂಕದ ಪುಟ್ಟೇನಹಳ್ಳಿ ಕೆರೆ ಮನೆಗೆ ಸಮೀಪ. ಬೆಳ್ಳಕ್ಕಿಗೆ ಬಿಳಿ ಬಳಿಯುವಂತಿಲ್ಲ. ಕಾಗದವನ್ನೇ ಹಾಗೆಯೇ ಉಳಿಸಿ, ಸುತ್ತಲಿನ ನೀರನ್ನೂ ಜೊಂಡನ್ನೂ ಮಾತ್ರ ಬರೆಯಬೇಕು. ಮುಚ್ಚಿದ ಬಿಳುಪು ಮರಳಿ ಬಾರದು. ಕೈ ನಡುಗುವ ವಯಸ್ಸಿಗೆ ಇದು ಕಠಿಣ ವ್ರತವೇ ಸರಿ!

ಇಲ್ಲಿಂದ ಮುಂದಿನ ದೊಡ್ಡಬಳ್ಳಾಪುರದವರಾದ ರುಮಾಲೆ ಚನ್ನಬಸವಯ್ಯನವರು (1910–1988) ಸ್ವಾತಂತ್ರ್ಯ ಹೋರಾಟ, ರಾಜಕಾರಣಗಳ ತರುವಾಯ, ಐವತ್ತು ದಾಟಿದ ಮೇಲೆ ಮತ್ತೆ ಕುಂಚಕ್ಕೆ ಮರಳಿ ಬೆಂಗಳೂರಿನ ಹೂಮರಗಳನ್ನು ಚಿತ್ರಿಸಿದರು. ಅವರೊಡನೆ ಹೋಲಿಕೆ ನಮಗೆ ಸಲ್ಲದು. ಧೈರ್ಯವಷ್ಟೇ ಸಾಲ ಪಡೆದೆವು.

ಪೊರೆ ತೆಗೆಸಿದ ನಮ್ಮ ಎಡಗಣ್ಣಿಗೆ ಕೆರೆಯ ನೀಲಿ ನಿಚ್ಚಳವಾಗಿದೆ. ಬಲಗಣ್ಣಿನ ಸರದಿ ಶ್ರಾವಣದಲ್ಲಿ; ಅದಕ್ಕಿನ್ನೂ ನೀರೆಲ್ಲ ಹಳದಿ. ಸದ್ಯ ನಮ್ಮ ಕಾಗದದ ಮೇಲೆ ಎರಡು ಕೆರೆಗಳೂ ಇವೆ.