ಗಾಳಿ ಕೊಯ್ಯುವ ಮಿಲ್ಲು

ಗುಜರಿಯವನು ಲಾರಿಯ ಹಿಂಬಾಗಿಲು ಇಳಿಸಿ, ಗ್ಯಾಸ್ ಕಟರಿಗೆ ಬೆಂಕಿ ಹಚ್ಚಲು ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದ. ನನ್ನ ಹತ್ತಿರ ಕಡ್ಡಿಪೆಟ್ಟಿಗೆ ಇರಲಿಲ್ಲ, ಆ ತಿಂಗಳ ಪೆನ್ಶನ್ ಇತ್ತು. ನಮ್ಮೂರ ಹಳೆಯ ಸಾಮಿಲ್ಲು ನಮ್ಮ ಕೊಟ್ಟಿಗೆ ಸೇರಿದ್ದು ಹೀಗೆ.

"ರಿಟೈರಾದವರು ಕಾಶಿಗೆ ಹೋಗ್ತಾರೆ, ಇಲ್ಲಾ ಜೇನು ಸಾಕ್ತಾರೆ. ನೀವು ಗರಗಸ ತಂದಿದೀರಿ" ಎಂದಳು ಹೆಂಡತಿ. ಹಸುವಿಲ್ಲದ ಕೊಟ್ಟಿಗೆಯಲ್ಲಿ ಏನಿದ್ದರೇನು ಎಂಬ ನನ್ನ ವಾದಕ್ಕೆ ಮೂರು ದಿನ ಉತ್ತರ ಬರಲಿಲ್ಲ. ನಾಲ್ಕನೆಯ ದಿನ, ತುಕ್ಕಿಗೆ ಹುಣಸೆಹಣ್ಣು ಹಚ್ಚಿ ನೋಡಿ ಎಂದಳು. ರಾಜಿಯಾಯಿತೆಂದು ತಿಳಿದೆ.

ಬಂದದ್ದು ಇಷ್ಟೇ: ಬೀಡುಕಬ್ಬಿಣದ ಮೇಜು, ಮಣಿಕಟ್ಟಿನ ಗಾತ್ರದ ಶಾಫ್ಟು, ಅದನ್ನು ಹೊತ್ತ ಎರಡು ಬೇರಿಂಗು, 42 ಇಂಚಿನ ದುಂಡು ಬ್ಲೇಡು. ಎಂಜಿನ್ನನ್ನು ಯಾರೋ ಎಂದೋ ಹೊತ್ತುಕೊಂಡು ಹೋಗಿದ್ದರು. ಮಾಡಿನ ತಗಡೂ ಹೋಗಿತ್ತು. ಉಳಿದದ್ದನ್ನು ಲಂಟಾನದ ಪೊದೆ ಕಾಪಾಡಿತ್ತು. ಮುಳ್ಳಿರುವ ಗಿಡಗಳನ್ನು ನಾವು ಸುಮ್ಮನೆ ಬೈಯುತ್ತೇವೆ.

ಈ ಮಿಲ್ಲಿಗೂ ನಮ್ಮ ಮನೆಗೂ ಹಳೆಯ ಲೆಕ್ಕವಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರು ಏರುವ ಮೊದಲೇ ಅಪ್ಪಯ್ಯ ಅಜ್ಜನ ಕಾಲದ ಮನೆಯನ್ನು ಬಿಚ್ಚಿ, ತೊಲೆ, ಕಂಬ, ಬಾಗಿಲುಗಳನ್ನು ಎತ್ತಿನ ಗಾಡಿಗಳಲ್ಲಿ ಹೇರಿಕೊಂಡು ಇತ್ತ ಬಂದರು. ಗೋಡೆ, ಬಾವಿ, ತೋಟ ಅಲ್ಲೇ ಉಳಿದವು. ಹೊಸ ಜಾಗದ ಮನೆ ಚಿಕ್ಕದು, ಹಳೆಯ ತೊಲೆಗಳು ಉದ್ದ. ಅವನ್ನು ಸೀಳಿ ಅಳತೆಗೆ ತರಲು ಮಿಲ್ಲಿಗೆ ಒಯ್ದಾಗ ಗಾಡಿಯ ಹಿಂದೆ ನಾನೂ ಇದ್ದೆ. ಮಿಲ್ಲಿನ ಮೇಸ್ತ್ರಿ ಕೇಳಿದ್ದು ಒಂದೇ ಮಾತು: "ಮೊಳೆ ಉಂಟಾ?" ಅಪ್ಪಯ್ಯ ಇಲ್ಲವೆಂದರು. ಇತ್ತು. ಅಜ್ಜ ಯಾವ ಹಬ್ಬಕ್ಕೋ ಮಾವಿನ ತೋರಣ ಕಟ್ಟಲು ಹೊಡೆದದ್ದಿರಬೇಕು. ಕಿಡಿ ಹಾರಿ, ಬ್ಲೇಡಿನ ಒಂದು ಹಲ್ಲು ಎಗರಿ, ಮಿಲ್ಲು ಅರ್ಧ ದಿನ ನಿಂತಿತು.

ಈಗಿನ ಬ್ಲೇಡಿನಲ್ಲೂ ಒಂದು ಹಲ್ಲು ಬುಡಕ್ಕೇ ಮುರಿದಿದೆ. ಅದೇ ಬ್ಲೇಡು ಇದು ಎಂದು ಸಾಧಿಸಲು ನನಗೇನೂ ಆಧಾರವಿಲ್ಲ. ಆದರೂ ತುಕ್ಕು ಉಜ್ಜುವಾಗ ಆ ಜಾಗಕ್ಕೆ ಬಂದರೆ ಕೈ ನಿಧಾನವಾಗುತ್ತದೆ.

ದುಂಡು ಗರಗಸ ಹುಟ್ಟಿದ ಕಥೆಯೊಂದು ಬಹಳ ಚಂದವಿದೆ. ಅಮೆರಿಕದ ಮ್ಯಾಸಚೂಸೆಟ್ಸಿನ ಹಾರ್ವರ್ಡ್ ಎಂಬ ಊರಿನಲ್ಲಿ ಶೇಕರ್ ಪಂಥದ ಟಬಿತಾ ಬ್ಯಾಬಿಟ್ ಎಂಬ ಹೆಂಗಸು ರಾಟೆ ತಿರುಗಿಸುತ್ತ ಕೂತಿದ್ದಳಂತೆ. ಎದುರಿಗೆ ಇಬ್ಬರು ಗರಗಸ ಎಳೆಯುತ್ತಿದ್ದರು. ಎಳೆದಾಗ ಮಾತ್ರ ಕೊಯ್ಯುತ್ತದೆ, ತಳ್ಳಿದ್ದೆಲ್ಲ ದಂಡ. ರಾಟೆಯ ಹಾಗೆ ಒಂದೇ ದಿಕ್ಕಿಗೆ ತಿರುಗಿದರೆ ಆಗದೆ ಎಂದು ಆಕೆ ತಗಡಿನ ಬಿಲ್ಲೆಗೆ ಹಲ್ಲು ಕಡಿದು ರಾಟೆಗೇ ಸಿಕ್ಕಿಸಿ ನೋಡಿದ್ದು 1813ರ ಹೊತ್ತಿಗೆ ಎನ್ನುತ್ತಾರೆ. ಆದರೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ ಎಂಬಾತ ದುಂಡು ಗರಗಸವನ್ನೂ ಹೇಳುವ ಪೇಟೆಂಟನ್ನು 1777ರಲ್ಲೇ ಪಡೆದಿದ್ದ. ಅದಾಗಿ ಎರಡು ವರ್ಷಕ್ಕೆ ಟಬಿತಾ ಹುಟ್ಟಿದ್ದು. ಪಾಠ ಮಾಡುವಾಗ ನಾನು ಟಬಿತಾಳ ಕಥೆಯನ್ನೇ ಹೇಳುತ್ತಿದ್ದೆ. ಪೇಟೆಂಟಿನ ಕಥೆಗೆ ಹಿಂದಿನ ಬೆಂಚಿನವರು ಎಚ್ಚರವಾಗಿರುವುದಿಲ್ಲ.

ಆ ಬೆಂಚುಗಳೂ ಇದೇ ಮಿಲ್ಲಿನಲ್ಲಿ ಕೊಯ್ದವು. 1983ರಲ್ಲಿ ಸಿರಸಿಯ ಸಾಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡು ನಿಂತಾಗ ನಾನು ಹೊಸ ಮೇಷ್ಟ್ರು. ಆವೇಶದಲ್ಲಿ ಮಕ್ಕಳಿಂದ ಅಪ್ಪಿಕೋ ಚಳವಳಿಯ ಮೇಲೆ ಪ್ರಬಂಧ ಬರೆಸಿದೆ. ಅವರು ಮತ್ತಿ ಮರದ ಹಲಗೆಯ ಮೇಲೆ ಕಾಗದವಿಟ್ಟು ಮರ ಕಡಿಯಬಾರದೆಂದು ಬರೆದರು. ಹೊರಗಿನಿಂದ ಮಿಲ್ಲಿನ ಝೂಂಯ್ ಎಂಬ ಸದ್ದು ಕೇಳುತ್ತಿತ್ತು. ನಾಟ ದಪ್ಪಗಿದ್ದಷ್ಟೂ ಸದ್ದು ಇಳಿಯುತ್ತ ಹೋಗಿ, ಕೊಯ್ದು ಮುಗಿದಾಗ ಮತ್ತೆ ಏರುತ್ತಿತ್ತು. ಆ ಹೊತ್ತಿಗೆ ನಾನೂ ಪಾಠ ನಿಲ್ಲಿಸುತ್ತಿದ್ದೆ.

ಮಿಲ್ಲು ನಿಂತದ್ದೇಕೆಂದು ಊರಿನಲ್ಲಿ ಕೇಳಿದರೆ ನಾಲ್ಕಾರು ಕಾರಣ ಸಿಗುತ್ತವೆ. ಬ್ಯಾಂಡ್ ಸಾ ಬಂತು, ಮಾಲೀಕರ ಮಕ್ಕಳು ಬೆಂಗಳೂರು ಸೇರಿದರು, ನಾಟ ಬರುವುದು ಕಡಿಮೆಯಾಯಿತು. ದೊಡ್ಡ ಹೊಡೆತ ಬಂದದ್ದು ದೆಹಲಿಯಿಂದ. ಗೂಡಲೂರಿನ ಕಾಡು ಕಡಿಯುವುದನ್ನು ತಡೆಯಿರೆಂದು ನಿಲಂಬೂರು ಅರಸುಮನೆತನದ ಟಿ.ಎನ್. ಗೋದವರ್ಮನ್ ತಿರುಮುಲ್ಪಾಡ್ 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 12ರಂದು ಬಂದ ಆದೇಶ ಗೂಡಲೂರಿಗಷ್ಟೇ ನಿಲ್ಲದೆ ದೇಶದ ಕಾಡುಗಳಿಗೆಲ್ಲ ಹಬ್ಬಿತು. ಕಾಡಿನೊಳಗೆ ಕೇಂದ್ರದ ಒಪ್ಪಿಗೆ ಇಲ್ಲದೆ ನಡೆಯುತ್ತಿದ್ದ ಕೆಲಸಗಳ ಜೊತೆ ಸಾಮಿಲ್ಲುಗಳೂ ನಿಲ್ಲಬೇಕಾಯಿತು. 2002ರಲ್ಲಿ ಬಂದ ಇನ್ನೊಂದು ಆದೇಶದಂತೆ, ಕೇಂದ್ರೀಯ ಉನ್ನತಾಧಿಕಾರ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ರಾಜ್ಯವೂ ಹೊಸ ಸಾಮಿಲ್ಲಿಗೆ ಅವಕಾಶ ಕೊಡುವಂತಿರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಕೀಲನಾಗಿದ್ದಾನೆ. ಅಪ್ಪಿಕೋ ಪ್ರಬಂಧ ಬರೆದವರಲ್ಲಿ ಅವನೂ ಒಬ್ಬ. ಕೇಳಿದ್ದಕ್ಕೆ, "ಸರ್, ತಿರುಗಿಸಿ ಬೇಕಾದ್ರೆ. ಮರ ಮಾತ್ರ ಮುಟ್ಟಿಸ್ಬೇಡಿ" ಎಂದ. ಫೀಸು ತೆಗೆದುಕೊಳ್ಳಲಿಲ್ಲ, ನಕ್ಕ.

ಇನ್ನು ಮೇಸ್ತ್ರಿ. ನಾನು ಮೇಷ್ಟ್ರು, ಅವರು ಮೇಸ್ತ್ರಿ. ಇಂಗ್ಲಿಷಿನವರು ಕೊಟ್ಟ ಮಾತು ನನಗೆ, ಪೋರ್ಚುಗೀಸರು ಕೊಟ್ಟದ್ದು ಅವರಿಗೆ, ಬೇರು ಒಂದೇ. ಅಂದು ಮೊಳೆ ಕೇಳಿದವರ ಮಗ ಇವರು. ತಂದೆಯ ನಂತರ ಅದೇ ಬೆಂಚಿನ ಮುಂದೆ ನಿಂತವರು. ಮಿಲ್ಲಿನಲ್ಲಿ ದುಡಿದವರಿಗೆ ಬೆರಳಿರುವುದಿಲ್ಲ ಎಂದು ಕಥೆಗಾರರು ನಮ್ಮನ್ನು ನಂಬಿಸಿದ್ದಾರೆ. ಇವರ ಹತ್ತು ಬೆರಳೂ ನೆಟ್ಟಗಿವೆ. ಹೋದದ್ದು ಕಿವಿ.

ಬೇರಿಂಗಿನ ಒಳಗಿನ ಬಿಳಿಲೋಹ ಸವೆದು ಹೋಗಿತ್ತು. ತವರ, ಆಂಟಿಮನಿ, ತಾಮ್ರ ಬೆರೆಸಿದ ಈ ಮೆತ್ತನೆಯ ಲೋಹಕ್ಕೆ ಬ್ಯಾಬಿಟ್ ಎಂದೇ ಹೆಸರು. 1839ರಲ್ಲಿ ಇದಕ್ಕೆ ಪೇಟೆಂಟ್ ಪಡೆದವನು ಐಸಾಕ್ ಬ್ಯಾಬಿಟ್, ಇವನೂ ಮ್ಯಾಸಚೂಸೆಟ್ಸಿನವನೇ. ಮೇಸ್ತ್ರಿ ಶಾಫ್ಟಿಗೆ ಚಿಮಣಿಯ ಮಸಿ ಹಿಡಿಸಿದರು, ಲೋಹ ಅಂಟದಿರಲಿ ಎಂದು. ಸಂದುಗಳಿಗೆ ಜೇಡಿಮಣ್ಣು ಮೆತ್ತಿದರು. ಕರಗಿದ ಲೋಹದಲ್ಲಿ ಒಣಕಡ್ಡಿ ಅದ್ದಿ, ಅದು ಉರಿಯದೆ ಕಂದಿದಾಗ ಸೌಟು ಎತ್ತಲು ಹೇಳಿದರು. ಒಂದೇ ಉಸಿರಿಗೆ ಹೊಯ್ಯಬೇಕು, ನಡುವೆ ನಿಂತರೆ ಪದರ ಬೀಳುತ್ತದೆ. ನಾವು ನಿಲ್ಲಿಸಿದೆವು. ಸೌಟು ಹಿಡಿದವನಿಗೆ ಫೋನು ಬಂದಿತ್ತು. ಸೌಟು ಹಿಡಿದವನು ನಾನೇ. ಮತ್ತೆ ಕರಗಿಸಿ ಹೊಯ್ಯಲು ಸಂಜೆಯಾಯಿತು.

ಬ್ಲೇಡಿನದು ಬೇರೆಯೇ ವಿದ್ಯೆ. ಮಟ್ಟಸವಾದ ತಟ್ಟೆಯೇ ಒಳ್ಳೆಯ ಗರಗಸ ಎಂದು ನಾನು ತಿಳಿದಿದ್ದೆ. ತಿರುಗುವಾಗ ಅಂಚು ಹೊರಕ್ಕೆ ಎಳೆದು ಹಿಗ್ಗುತ್ತದೆ, ಕೊಯ್ಯುವ ಬಿಸಿಗೆ ಮತ್ತಷ್ಟು. ನಡುಭಾಗ ಬಿಗಿಯಾಗಿದ್ದರೆ ಹಿಗ್ಗಿದ ಅಂಚು ಹಪ್ಪಳದ ಹಾಗೆ ಅಲೆಯೆದ್ದು ಹಲಗೆಯನ್ನೂ ಸೊಟ್ಟ ಮಾಡುತ್ತದೆ. ಆದ್ದರಿಂದ ಅಡಿಗಲ್ಲಿನ ಮೇಲಿಟ್ಟು ನಡುಭಾಗವನ್ನು ಸುತ್ತಿಗೆಯಿಂದ ತಟ್ಟಿ ಸಡಿಲಿಸಿಡಬೇಕು. ಮೂವತ್ತು ವರ್ಷ ವೃತ್ತಾಕಾರ ಚಲನೆಯ ಪಾಠ ಮಾಡಿದವನು ನಾನು. ಎಲ್ಲಿ ತಟ್ಟಬೇಕೆಂದು ಹೇಳಲಾಗಲಿಲ್ಲ. ಮೇಸ್ತ್ರಿ ಬ್ಲೇಡನ್ನು ನಿಲ್ಲಿಸಿ, ಅಂಗೈಯಿಂದ ಅಲುಗಾಡಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದರು. ಸೀಮೆಸುಣ್ಣ ನನ್ನದು.

ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸಿ ಅರ ಉಜ್ಜಿದೆವು. ಹೀಗೆ ಬಾಗಿಸಿದ್ದರಿಂದ ಈ ಬ್ಲೇಡು ಒಂದು ಗೆರೆ ಕೊಯ್ದರೆ 6 ಮಿಲಿಮೀಟರ್ ಮರ ಹೊಟ್ಟಾಗುತ್ತದೆ. ಇಂಚಿನ ಹಲಗೆ ನಾಲ್ಕು ಕೊಯ್ದರೆ ಐದನೆಯದರಷ್ಟು ಹೊಟ್ಟು. ಬ್ಯಾಂಡ್ ಸಾ ಗೆದ್ದದ್ದು ಇದರಲ್ಲೇ, ಅದರ ಪಟ್ಟಿ ಬಹಳ ತೆಳು. ಎಂಟನೆಯ ತರಗತಿಯಲ್ಲಿ ವೃತ್ತದ ಲೆಕ್ಕ ಕಲಿತ ಹುರುಪಿನಲ್ಲಿ ನಾನು ಅಪ್ಪಯ್ಯನಿಗೆ ಇನ್ನೊಂದು ಮೋಸ ಹಿಡಿದುಕೊಟ್ಟಿದ್ದೆ. ನಾಟದ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ ಘನಅಡಿ ಹಿಡಿಯುತ್ತಾರಲ್ಲ, ಅದರಲ್ಲಿ ನಿಜವಾದ ಮರದ ಶೇ. 78.5ರಷ್ಟೇ ಲೆಕ್ಕಕ್ಕೆ ಬರುತ್ತದೆ. 1736ರಲ್ಲಿ ಲಂಡನ್ನಿನಲ್ಲಿ ಈ ಲೆಕ್ಕದ ಕೋಷ್ಟಕ ಅಚ್ಚು ಹಾಕಿಸಿದವನು ಎಡ್ವರ್ಡ್ ಹಾಪಸ್ (ಮಾವಿನ ಹಣ್ಣಿಗೆ ಸಂಬಂಧವಿಲ್ಲ). ಅಪ್ಪಯ್ಯ ಕೇಳಿಸಿಕೊಂಡು, "ಅದು ಹೊಟ್ಟಿನ ಪಾಲು ಮಾರಾಯ, ಬಚ್ಚಲಿಗೆ ನೀರು ಕಾಯೋದು ಬೇಡ್ವಾ?" ಎಂದರು. ನಮ್ಮ ಹೊಟ್ಟಿನ ಒಲೆಗೆ ಮಿಲ್ಲಿನಿಂದ ಗೋಣಿಗಟ್ಟಲೆ ಬರುತ್ತಿತ್ತು. ನಡುವೆ ಒನಕೆ ನಿಲ್ಲಿಸಿ, ಸುತ್ತ ಹೊಟ್ಟು ಗಟ್ಟಿಸಿ, ಒನಕೆ ಎಳೆದು ಆ ತೂತಿಗೆ ಕಿಡಿ ಇಟ್ಟರೆ ತಾಸುಗಟ್ಟಲೆ ಉರಿ.

ತಿರುಗಿಸಲು ತೋಟದ ಹಳೆಯ ಮೋಟರು ತಂದೆ. ಮರ ಕೊಯ್ಯಲು ಸಾಲದು, ಗಾಳಿ ಕೊಯ್ಯಲು ಧಾರಾಳ. ನಿಮಿಷಕ್ಕೆ 1440 ಸುತ್ತಿನ ಮೋಟರಿಗೆ 6 ಇಂಚಿನ ಪುಲ್ಲಿ, ಶಾಫ್ಟಿಗೆ 10 ಇಂಚಿನದು. ಬ್ಲೇಡಿಗೆ 864 ಸುತ್ತು ಸಿಗುತ್ತದೆ. ಹಲ್ಲಿನ ತುದಿ ಗಂಟೆಗೆ 170 ಕಿಲೋಮೀಟರಿಗೂ ಹೆಚ್ಚು ಓಡುತ್ತದೆ ಎಂದು ಲೆಕ್ಕ ಹಾಕಿದ ಮೇಲೆ ನಾನು ಕೊಟ್ಟಿಗೆಯ ಕಂಬದ ಹಿಂದೆ ನಿಂತೆ. ಹೆಂಡತಿ ಅಡುಗೆಮನೆಯ ಕಿಟಕಿ ಹಾಕಿಕೊಂಡಳು.

ಮೇಸ್ತ್ರಿ ಸ್ವಿಚ್ಚು ಒತ್ತಿದರು. ಬೆಲ್ಟು ಎರಡು ಸಲ ಪಟಪಟ ಬಡಿದು ಪುಲ್ಲಿಯ ಉಬ್ಬಿಗೆ ಹತ್ತಿ ಕೂತಿತು. ಹಲ್ಲುಗಳು ಕಾಣದಾದವು, ಮುರಿದ ಹಲ್ಲೂ ಕಾಣದಾಯಿತು. ಶಾಲೆಯ ಕಿಟಕಿಯಿಂದ ಕೇಳುತ್ತಿದ್ದ ಸದ್ದೇ. ಮೇಸ್ತ್ರಿ ಊರುಗೋಲಿನ ಒಂದು ತುದಿಯನ್ನು ಬೇರಿಂಗಿಗೆ ಊರಿ, ಇನ್ನೊಂದನ್ನು ದವಡೆಯ ಎಲುಬಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಕೋಲು ಬಿಟ್ಟು ಬೆಂಚಿನ ಮುಂದೆ ಬಂದು, ಎರಡೂ ಕೈ ಚಾಚಿ ನಾಟ ತಳ್ಳುವ ಭಂಗಿಯಲ್ಲಿ ನಿಂತರು. ನಾನು ಓಡಿಹೋಗಿ ಸ್ವಿಚ್ಚು ಆರಿಸಿದೆ.

ಅದುರಿದ ರಭಸಕ್ಕೆ ಮೇಜಿನ ಅಡಿಯ ಸಂದಿಯಿಂದ ಬೊಗಸೆಯಷ್ಟು ಹಳೆಯ ಹೊಟ್ಟು ನೆಲಕ್ಕೆ ಸುರಿದಿತ್ತು. ಎರಡು ತಿಂಗಳು ತೊಳೆದು ಉಜ್ಜಿದರೂ ಎಲ್ಲಿತ್ತೋ. ನಾನು ಕೂಗಿದೆ, "ಹೊನ್ನೆ!" ಅವರು ಚಿಟಿಕೆ ಎತ್ತಿ ಮೂಸಿ, "ಮತ್ತಿ" ಎಂದರು.

ಹೊನ್ನೆಯಾದರೆ ನೀರಿಗೆ ಹಾಕಿ ಬಿಸಿಲಿಗೆ ಹಿಡಿದಾಗ ನೀಲಿ ಹೊಳಪು ಕಾಣಬೇಕು. ಹೆಂಡತಿ ಗಾಜಿನ ಲೋಟ ತಂದುಕೊಟ್ಟಳು. ಜಗುಲಿಯ ಬಿಸಿಲಿನಲ್ಲಿಟ್ಟು ಇಬ್ಬರೂ ಬಗ್ಗಿ ನೋಡಿದೆವು. ನೀಲಿಯೇನೋ ಕಂಡಿತು. ಎಷ್ಟೋ ವರ್ಷ ಎಂಜಿನ್ ಎಣ್ಣೆ ಕುಡಿದ ಹೊಟ್ಟು ಅದು. ಮೇಸ್ತ್ರಿ ಲೋಟದ ಮೇಲೆ ತೇಲುತ್ತಿದ್ದ ಎಣ್ಣೆಯ ಬಣ್ಣವನ್ನು ಬೆರಳಿನಿಂದ ಒಂದು ಪಕ್ಕಕ್ಕೆ ಸರಿಸುತ್ತ, "ತಡೀರಿ ಮೇಷ್ಟ್ರೆ, ತಳ ಕೂರ್ಲಿ" ಎಂದರು.