ರೂಟ್‌ಗೂ ಅನುಮತಿ ಇಲ್ಲವಂತೆ!

ಟಪ್... ಟಪ್... ಮದ್ದಳೆಯ ಪೆಟ್ಟಲ್ಲ ಮಾರಾಯ್ರೇ, ನಮ್ಮ ಲ್ಯಾಪ್‌ಟಾಪಿನದ್ದು.

ಊರಿನ ಹಿರಿಯ ಅರ್ಥಧಾರಿಯೊಬ್ಬರ ಮಾತನ್ನು ಧ್ವನಿಮುದ್ರಿಸಿ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇಳಿಸಬೇಕೆಂದು ನಾವು ಹೊರಟಿದ್ದೆವು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲೇ ಹುಟ್ಟಿದ ಮಕ್ಕಳು. ತಾಳಮದ್ದಳೆ ಕೇಳಿದವರು ತರಗತಿಗೆ ಇಬ್ಬರೋ ಮೂವರೋ. ಅವರಿಗೆ ಎಂಬತ್ತು ದಾಟಿದೆ. "ಶನಿವಾರ ಒಂದು ಗಂಟೆ ಕೂರುತ್ತೇನೆ, ಇನ್ನೊಮ್ಮೆ ಕರೆಯಬೇಡಿ" ಎಂದಿದ್ದರು.

ಗುರುವಾರ ಪರೀಕ್ಷೆಗೆಂದು ನಾವೇ ಮಾತಾಡಿ ನೋಡಿದರೆ ನಡುನಡುವೆ ಟಪ್ ಟಪ್! ಜ್ಯಾಕ್ ತಂತ್ರಾಂಶ ಸೆಕೆಂಡಿಗೆ 48,000 ಮಾದರಿಗಳನ್ನು 256ರ ಕಂತುಗಳಲ್ಲಿ ಎತ್ತಿಕೊಳ್ಳುತ್ತದೆ. ಎಂದರೆ ಸುಮಾರು 5.3 ಮಿಲಿಸೆಕೆಂಡಿಗೊಮ್ಮೆ ಅದಕ್ಕೆ ಪ್ರೊಸೆಸರ್ ಸಿಗಲೇಬೇಕು. ಸಿಗದಿದ್ದರೆ ಆ ತುಂಡು ಹೋಯಿತು. ಮಧ್ಯಾಹ್ನದೂಟದ ಸಾಲಿನಲ್ಲಿ ನಿಲ್ಲುವ ಹಾಗೆ ಉಳಿದ ಪ್ರೋಗ್ರಾಮುಗಳ ಜತೆ ನಿಂತರೆ ಆಗುವುದಿಲ್ಲ. ಫಿಫೋ ಎಂಬ ರಿಯಲ್ ಟೈಮ್ ವರ್ಗಕ್ಕೆ ಸೇರಿಸಬೇಕು.

ಸೇರಿಸೋಣವೆಂದು ಆಡಿಯೋ ಗುಂಪಿಗೆ ನಮ್ಮ ಹೆಸರು ಹಾಕಿದೆವು, ಲಾಗೌಟ್ ಆಗಿ ಬಂದೆವು. ಇಲ್ಲ. ಸುಡೋ ಹಾಕಿ 'ಸಿಎಚ್‌ಆರ್‌ಟಿ' ಆದೇಶ ಕೊಟ್ಟೆವು. "ಆಪರೇಷನ್ ನಾಟ್ ಪರ್ಮಿಟೆಡ್". ರೂಟ್‌ಗೇ ಅನುಮತಿ ಇಲ್ಲವೆಂದರೆ ಇನ್ನಾರಿಗೆ?

ತಪ್ಪು ನಮ್ಮದೇ. ಉಬುಂಟು 18.04 ಇರುವ ಆ ಯಂತ್ರಕ್ಕೆ ಹಿಂದೊಂದು ಬೇಸಿಗೆ ರಜೆಯಲ್ಲಿ ಕರ್ನಲ್ ನಾವೇ ಕಟ್ಟಿದ್ದೆವು. 'ಆರ್‌ಟಿ ಗ್ರೂಪ್ ಶೆಡ್' ಎಂಬ ಆಯ್ಕೆ ಕಂಡು, ರಿಯಲ್ ಟೈಮ್ ಅಲ್ಲವೇ, ಒಳ್ಳೆಯದೇ ಇರಬೇಕೆಂದು ಟಿಕ್ ಹಾಕಿದ್ದೆವು! ಅದು ಮಾಡುವುದು ಬೇರೆಯೇ. ರಿಯಲ್ ಟೈಮ್ ಹೊತ್ತನ್ನು ಕಂಟ್ರೋಲ್ ಗ್ರೂಪುಗಳಿಗೆ ಪಡಿತರದಂತೆ ಹಂಚುತ್ತದೆ. ಮೂಲ ಗುಂಪಿಗೆ ಸೆಕೆಂಡಿನಲ್ಲಿ 9,50,000 ಮೈಕ್ರೋಸೆಕೆಂಡು. ಹೊಸದಾಗಿ ಹುಟ್ಟಿದ ಮರಿ ಗುಂಪಿಗೆ ಸೊನ್ನೆ. ಸಿಸ್ಟಮ್‌ಡಿ ನಮ್ಮನ್ನು ಕೂರಿಸಿದ್ದು 'ಯೂಸರ್ ಸ್ಲೈಸ್' ಎಂಬ ಮರಿ ಗುಂಪಿನಲ್ಲಿ. ಕಾರ್ಡಿನಲ್ಲಿ ಸೊನ್ನೆ ಇದ್ದರೆ ರೂಟ್ ಬಂದರೂ ಅಕ್ಕಿ ಇಲ್ಲ.

ಮೊದಲು ಅವಸರಕ್ಕೆ ಇಡೀ ಮಿತಿಯನ್ನೇ ತೆಗೆದೆವು, -1 ಎಂದು ಬರೆದು. ಟಪ್ ಟಪ್ ನಿಂತಿತು, ನಿಜ. ಆಮೇಲೆ ಫಿಫೋದಲ್ಲಿಟ್ಟ ನಮ್ಮದೊಂದು ಸ್ಕ್ರಿಪ್ಟ್ ಸುತ್ತಿದಲ್ಲೇ ಸುತ್ತಿ ಯಂತ್ರವೇ ಕಲ್ಲಾಯಿತು. ಉಳಿದವರಿಗೆಂದು ಆ ಶೇಕಡಾ 5 ಇಟ್ಟದ್ದು ಸುಮ್ಮನೆ ಅಲ್ಲ ನೋಡಿ.

ಶುಕ್ರವಾರ ರಾತ್ರಿ ಮಿತಿಯನ್ನು ಮೊದಲಿನಂತೆ ಇಟ್ಟು, ಯೂಸರ್ ಸ್ಲೈಸಿನ 'ಆರ್‌ಟಿ ರನ್‌ಟೈಮ್' ಕಡತದಲ್ಲಿ 5,00,000 ಎಂದು ಬರೆದೆವು. ಸಿಎಚ್‌ಆರ್‌ಟಿ ಮಾತಿಲ್ಲದೆ ಒಪ್ಪಿತು. (ರೀಬೂಟ್ ಆದರೆ ಮತ್ತೆ ಸೊನ್ನೆ. ಆ ಆಯ್ಕೆಯಿಲ್ಲದ ಕರ್ನಲ್ ಹಾಕುವುದೇ ನೆಟ್ಟಗಿನ ದಾರಿ, ರಜೆ ಬರಲಿ.)

ಶನಿವಾರ ಅಜ್ಜ ಬಂದರು. ಒಂದು ಗಂಟೆ ಎಂದವರು ಎರಡೂವರೆ ಗಂಟೆ ವಾಲಿಯಾಗಿ ಕೂತರು. ಎಕ್ಸ್‌ರನ್ ಲೆಕ್ಕ ಸೊನ್ನೆ. ನಡುವೆ ಒಮ್ಮೆ ಟಪ್ ಎಂದಿತು, ಎದೆ ಝಲ್ಲೆಂದಿತು. ಹೊರಗೆ ಹಂಚಿನ ಮೇಲೆ ಅಡಿಕೆ ಬಿದ್ದದ್ದು.